ಹೃದಯಸ್ತಂಭನದ ಚಿಕಿತ್ಸೆ: ಶೋಧನೆಗೂ ರೂಢಿಗೂ ನಡುವಣ ಕಾಲ

೧

ನಮ್ಮ ವೃತ್ತಪತ್ರಿಕೆಗಳಲ್ಲಿ ಹಠಾತ್ತನೆ ತೀರಿಕೊಂಡವರ ಸುದ್ದಿ ಬಂದಾಗಲೆಲ್ಲ ‘ಹೃದಯಾಘಾತದಿಂದ ಮೃತರಾದರು’ ಎಂಬ ಒಂದೇ ವಾಕ್ಯವು ಕಾಣಿಸಿಕೊಳ್ಳುತ್ತದೆ. ವೈದ್ಯಶಾಸ್ತ್ರದ ದೃಷ್ಟಿಯಿಂದ ನೋಡಿದರೆ ಈ ಒಂದು ಮಾತಿನೊಳಗೆ ಎರಡು ಬೇರೆ ಬೇರೆ ಸಂಗತಿಗಳು ಅಡಗಿವೆ. ಹೃದಯವನ್ನು ಕಿರೀಟದಂತೆ ಸುತ್ತುವರಿದು ಅದರ ಸ್ನಾಯುವಿಗೇ ರಕ್ತವನ್ನು ಒದಗಿಸುವ ಧಮನಿಗಳುಂಟು. ಅವುಗಳಲ್ಲೊಂದು ಮುಚ್ಚಿಹೋಗಿ, ಆ ಭಾಗದ ಸ್ನಾಯು ರಕ್ತವಿಲ್ಲದೆ ಸಾಯತೊಡಗುವುದು ಹೃದಯಾಘಾತ. ಹೃದಯವು ರಕ್ತವನ್ನು ನೂಕುವ ಕೆಲಸವನ್ನೇ ನಿಲ್ಲಿಸಿಬಿಡುವುದು ಹೃದಯಸ್ತಂಭನ. ಮೊದಲನೆಯದರಲ್ಲಿ ರೋಗಿಗೆ ಸಾಮಾನ್ಯವಾಗಿ ಎಚ್ಚರವಿರುತ್ತದೆ. ಅವನು ತನ್ನ ನೋವನ್ನು ಹೇಳಿಕೊಳ್ಳಬಲ್ಲನು. ಚಿಕಿತ್ಸೆಗೆ ಗಂಟೆಗಳ ಲೆಕ್ಕದಲ್ಲಿ ಅವಕಾಶವಿದೆ. ಎರಡನೆಯದರಲ್ಲಿ ಕೆಲವು ಕ್ಷಣಗಳೊಳಗಾಗಿ ಪ್ರಜ್ಞೆ ತಪ್ಪುತ್ತದೆ, ಉಸಿರಾಟವು ಕೆಡುತ್ತದೆ. ಇಲ್ಲಿ ಅವಕಾಶವಿರುವುದು ನಿಮಿಷಗಳ ಲೆಕ್ಕದಲ್ಲಿ ಮಾತ್ರ. ಮೊದಲನೆಯದು ಎರಡನೆಯದಕ್ಕೆ ಎಷ್ಟೋ ವೇಳೆ ಕಾರಣವಾಗುವುದಾದರೂ ಕಾರಣವೂ ಕಾರ್ಯವೂ ಒಂದೇ ಅಲ್ಲ.

ಈ ಎರಡರ ಚಿಕಿತ್ಸೆಯೂ ಕಳೆದ ಎಪ್ಪತ್ತು ವರ್ಷಗಳಲ್ಲಿ ಹಿಂದೆಂದೂ ಕಾಣದಷ್ಟು ಬದಲಾಗಿದೆ. ಆ ಬದಲಾವಣೆಯ ಕಥೆಯನ್ನು ಹೇಳುವವರು ಒಂದೊಂದು ಉಪಾಯಕ್ಕೂ ಒಬ್ಬೊಬ್ಬ ಶೋಧಕನನ್ನು ಹೆಸರಿಸಿ, ಒಂದೊಂದು ವರ್ಷವನ್ನು ಗುರುತಿಸಿ ಮುಂದಕ್ಕೆ ಸಾಗುವುದು ವಾಡಿಕೆ. ಆದರೆ ದಾಖಲೆಗಳನ್ನು ಕ್ರಮವಾಗಿ ಜೋಡಿಸಿ ನೋಡಿದರೆ ಬೇರೊಂದು ಚಿತ್ರವು ತೋರುತ್ತದೆ. ಎದೆಯನ್ನು ಕೈಯಿಂದ ಒತ್ತುವುದು, ವಿದ್ಯುತ್ತಿನ ಆಘಾತ ಕೊಡುವುದು, ಧಮನಿಯಲ್ಲಿನ ರಕ್ತದ ಹೆಪ್ಪನ್ನು ಕರಗಿಸುವುದು ಎಂಬ ಮೂರು ಮುಖ್ಯ ಉಪಾಯಗಳೂ ರೂಢಿಗೆ ಬರುವುದಕ್ಕೆ ದಶಕಗಳಷ್ಟು ಮುಂಚೆಯೇ ಕಂಡುಬಂದಿದ್ದುವು. ಕಂಡುಬಂದದ್ದು ಬಳಕೆಗೆ ಬಾರದೆ ಉಳಿದ ಆ ನಡುಗಾಲವೇ ಈ ಲೇಖನದ ವಿಷಯ. ಆ ಕಾಲದಲ್ಲಿ ಇಲ್ಲದಿದ್ದುದು ಉಪಕರಣವೋ, ತತ್ತ್ವವೋ, ಅಥವಾ ಉಪಾಯವನ್ನು ರೋಗಿಯ ಬಳಿಗೆ ಒಯ್ಯುವ ಏರ್ಪಾಡೋ ಎಂಬುದನ್ನು ವಿಚಾರಮಾಡಬೇಕಾಗಿದೆ.

೨

ಸತ್ತಂತೆ ಕಾಣುವವನನ್ನು ಬದುಕಿಸಬಹುದೆಂಬ ನಂಬಿಕೆಯು ಒಂದು ಸಂಸ್ಥೆಯ ರೂಪವನ್ನು ತಾಳಿದುದು ಹದಿನೆಂಟನೆಯ ಶತಮಾನದಲ್ಲಿ. ಕಾಲುವೆಗಳ ನಗರವಾದ ಆಮ್‌ಸ್ಟರ್‌ಡ್ಯಾಮಿನಲ್ಲಿ ನೀರಿಗೆ ಬಿದ್ದವರನ್ನು ಉಳಿಸುವುದಕ್ಕಾಗಿ ೧೭೬೭ರಲ್ಲಿ ಒಂದು ಸಂಘವು ಸ್ಥಾಪಿತವಾಯಿತು. ಅದನ್ನು ನೋಡಿ ೧೭೭೪ರಲ್ಲಿ ವಿಲಿಯಂ ಹಾಸ್ ಮತ್ತು ಥಾಮಸ್ ಕೋಗನ್ ಎಂಬ ವೈದ್ಯರು ಲಂಡನ್ನಿನಲ್ಲಿ ಅಂಥದೇ ಸಂಘವನ್ನು ಕಟ್ಟಿದರು. ಮೈಯನ್ನು ಬೆಚ್ಚಗೆ ಮಾಡುವುದು, ಬಾಯಿಂದ ಉಸಿರೂದುವುದು, ತಿದಿಯಿಂದ ಗಾಳಿ ಹಾಕುವುದು, ಹೊಗೆಸೊಪ್ಪಿನ ಹೊಗೆಯನ್ನು ಗುದದ್ವಾರದಿಂದ ಒಳಕ್ಕೆ ಊದುವುದು ಮೊದಲಾದುವು ಆ ಕಾಲದ ವಿಧಿಗಳು. ಇವುಗಳಲ್ಲಿ ಕೆಲವು ಇಂದು ನಗೆಯನ್ನು ತರಿಸಬಹುದು. ಆದರೆ ಆ ಸಂಘಗಳ ಒಂದು ವಿವೇಕವನ್ನು ಮರೆಯಲಾಗದು. ಅವು ಬಹುಮಾನವನ್ನು ವೈದ್ಯರಿಗೆ ಮಾತ್ರ ಮೀಸಲಿಡದೆ, ಮುಳುಗಿದವನನ್ನು ಎತ್ತಿತಂದು ಉಪಚರಿಸಿದ ಸಾಮಾನ್ಯರಿಗೂ, ಅವನಿಗೆ ತಮ್ಮ ಮನೆಯಲ್ಲಿ ಎಡೆಗೊಟ್ಟ ಹೆಂಡದಂಗಡಿಯವರಿಗೂ ಕೊಡುತ್ತಿದ್ದುವು. ಸಾವಿನ ಬಳಿ ಮೊದಲು ಇರುವವನು ವೈದ್ಯನಲ್ಲ, ದಾರಿಹೋಕನು ಎಂಬುದನ್ನು ಆ ಸಂಘಗಳು ಅರಿತಿದ್ದುವು. ಮುಂದಿನ ಶತಮಾನದ ವಿಜ್ಞಾನವು ಬಹಳ ಸೂಕ್ಷ್ಮವಾಗಿ ಬೆಳೆಯಿತಾದರೂ ಈ ಅರಿವನ್ನು ಬಹುಮಟ್ಟಿಗೆ ಕೈಬಿಟ್ಟಿತು.

ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಈ ಪ್ರಶ್ನೆಯು ನೀರಿನ ದಡದಿಂದ ಶಸ್ತ್ರಚಿಕಿತ್ಸೆಯ ಕೊಠಡಿಗೆ ಸ್ಥಳಾಂತರವಾಯಿತು. ಅರಿವಳಿಕೆಗಾಗಿ ಕೊಡುತ್ತಿದ್ದ ಕ್ಲೋರೊಫಾರಮ್ಮು ಕೆಲವು ರೋಗಿಗಳ ಹೃದಯವನ್ನು ಮೇಜಿನ ಮೇಲೆಯೇ ನಿಲ್ಲಿಸುತ್ತಿದ್ದುದು ಇದಕ್ಕೆ ಕಾರಣ. ೧೮೭೪ರಲ್ಲಿ ಫ್ಲಾರೆನ್ಸಿನ ಮೊರಿಟ್ಸ್ ಷಿಫ್ ಎಂಬ ಶಾರೀರಶಾಸ್ತ್ರಜ್ಞರು ಪ್ರಾಣಿಗಳ ಎದೆಯನ್ನು ತೆರೆದು ಹೃದಯವನ್ನು ಕೈಯಲ್ಲಿ ಹಿಡಿದು ಹಿಸುಕಿ ರಕ್ತಸಂಚಾರವನ್ನು ನಡೆಸಿ ತೋರಿಸಿದರು. ೧೮೭೮ರಲ್ಲಿ ರುಡಾಲ್ಫ್ ಬೋಮ್ ಎಂಬವರು ಎದೆಯನ್ನು ತೆರೆಯದೆಯೇ, ಬೆಕ್ಕುಗಳ ಎದೆಗೂಡನ್ನು ಹೊರಗಿನಿಂದ ಒತ್ತಿ ಅದೇ ಫಲವನ್ನು ಪಡೆದರು. ಇದನ್ನು ಮನುಷ್ಯರಲ್ಲಿ ಸಾಧಿಸಿದವರು ಗಟಿಂಗೆನ್ನಿನ ಫ್ರೀಡ್ರಿಷ್ ಮಾಸ್. ಅವರ ಗುರುಗಳಾದ ಫ್ರಾನ್ಸ್ ಕೋನಿಗ್ ಎದೆಯನ್ನು ನಿಧಾನವಾಗಿ ಒತ್ತುವ ಕ್ರಮವನ್ನು ಕಲಿಸಿದ್ದರು. ೧೮೯೧ರಲ್ಲಿ ಕ್ಲೋರೊಫಾರಮ್ಮಿನಿಂದ ಹೃದಯ ನಿಂತ ಬಾಲಕನೊಬ್ಬನಿಗೆ ಆ ನಿಧಾನಕ್ರಮವು ಫಲಿಸದಿರಲು, ಮಾಸ್ ನಿಮಿಷಕ್ಕೆ ೧೨೦ ಅಥವಾ ಅದಕ್ಕೂ ಹೆಚ್ಚು ಸಲ ಹೃದಯದ ಎಡೆಯನ್ನು ರಭಸದಿಂದ ಒತ್ತಿದರು. ಬಾಲಕನು ಉಳಿದನು. ಇಂಥ ಎರಡು ಪ್ರಸಂಗಗಳನ್ನು ಅವರು ೧೮೯೨ರಲ್ಲಿ ಬರ್ಲಿನ್ನಿನ ವೈದ್ಯಪತ್ರಿಕೆಯಲ್ಲಿ ಪ್ರಕಟಿಸಿದರು. ಇಂದು ಜಗತ್ತಿನಾದ್ಯಂತ ಬೋಧಿಸುವ ವೇಗವು ನಿಮಿಷಕ್ಕೆ ೧೦೦ರಿಂದ ೧೨೦. ಶಿಷ್ಯನ ಎಣಿಕೆಯು ಇಂದಿನ ಶಾಸ್ತ್ರಕ್ಕೆ ಎಷ್ಟು ಸಮೀಪವಾಗಿದೆಯೆಂಬುದನ್ನು ವಾಚಕರು ಗಮನಿಸಬಹುದು.

ಹಾಗಿದ್ದೂ ಮಾಸ್ ಅವರ ವಿಧಾನವು ನೆಲೆಗೊಳ್ಳಲಿಲ್ಲ. ೧೯೦೧ರಲ್ಲಿ ನಾರ್ವೆ ದೇಶದ ಟ್ರೋಮ್ಸೋ ನಗರದಲ್ಲಿ ಕ್ರಿಸ್ಟಿಯನ್ ಈಗೆಲ್ಸ್‌ರುಡ್ ಎಂಬ ಶಸ್ತ್ರವೈದ್ಯರು ಎದೆಯನ್ನು ತೆರೆದು ಹೃದಯವನ್ನು ಹಿಸುಕಿ ರೋಗಿಯನ್ನು ಉಳಿಸಿದ ಮೇಲೆ, ಮುಂದಿನ ಅರ್ಧ ಶತಮಾನ ಆ ತೆರೆದೆದೆಯ ವಿಧಾನವೇ ಶಿಷ್ಟವೆನಿಸಿತು. ಇದಕ್ಕೆ ಕಾರಣವನ್ನು ಊಹಿಸುವುದು ಕಷ್ಟವಲ್ಲ. ಹೃದಯವು ನಿಲ್ಲುವುದು ಶಸ್ತ್ರಚಿಕಿತ್ಸೆಯ ಕೊಠಡಿಯಲ್ಲಿ, ಅಲ್ಲಿ ಕತ್ತಿ ಹಿಡಿದ ವೈದ್ಯನು ಸಿದ್ಧನಾಗಿಯೇ ನಿಂತಿದ್ದಾನೆ ಎಂದು ಭಾವಿಸಿದವರಿಗೆ ಹೊರಗಿನಿಂದ ಒತ್ತುವುದು ಅನಾವಶ್ಯಕವಾಗಿ ಕಂಡಿರಬೇಕು. ಆ ಕೊಠಡಿಯ ಹೊರಗೆ, ಬೀದಿಯಲ್ಲಿ, ಗದ್ದೆಯಲ್ಲಿ, ಅಡುಗೆಮನೆಯಲ್ಲಿ ನಿಂತುಹೋಗುವ ಹೃದಯಗಳು ಚಿಕಿತ್ಸೆಯ ವಿಷಯವೆಂದೇ ಅಂದು ಎಣಿಸಲ್ಪಟ್ಟಿರಲಿಲ್ಲ.

೩

ಎರಡನೆಯ ಉಪಾಯದ ಚರಿತ್ರೆಯು ಇನ್ನೂ ವಿಚಿತ್ರವಾದುದು. ಹೃದಯವು ಸ್ತಂಭಿಸುವುದೆಂದರೆ ಯಾವಾಗಲೂ ನಿಶ್ಚಲವಾಗುವುದೆಂದರ್ಥವಲ್ಲ. ಹೃತ್ಕುಕ್ಷಿಯ ಸ್ನಾಯುತಂತುಗಳು ಒಗ್ಗಟ್ಟಿನ ಬಡಿತವನ್ನು ಬಿಟ್ಟು ಒಂದೊಂದೂ ತನ್ನಷ್ಟಕ್ಕೆ ನಡುಗತೊಡಗಿದರೆ ಚಲನೆಯಿದ್ದೂ ರಕ್ತವು ಮುಂದಕ್ಕೆ ಹೋಗುವುದಿಲ್ಲ. ಇದನ್ನು ತಂತುಕಂಪನವೆನ್ನೋಣ. ವಿದ್ಯುತ್ತಿನಿಂದ ಈ ಕಂಪನವು ಹುಟ್ಟುವುದನ್ನು ೧೮೫೦ರಲ್ಲಿ ಹೋಫಾ ಮತ್ತು ಲುಡ್ವಿಗ್ ವರ್ಣಿಸಿದ್ದರು. ಮನುಷ್ಯರಲ್ಲಿ ಕಾಣುವ ಹಠಾತ್ ಮರಣಕ್ಕೆ ಇದೇ ಕಾರಣವಿರಬೇಕೆಂದು ೧೮೮೯ರಲ್ಲಿ ಅಬರ್‌ಡೀನಿನ ಜಾನ್ ಮ್ಯಾಕ್‌ವಿಲಿಯಂ ವಾದಿಸಿದರು. ಹತ್ತು ವರ್ಷಗಳ ಬಳಿಕ, ೧೮೯೯ರಲ್ಲಿ, ಜಿನೀವಾದ ಪ್ರೆವೋಸ್ ಮತ್ತು ಬಟೆಲ್ಲಿ ಎಂಬ ವಿದ್ವಾಂಸರು ನಾಯಿಗಳ ಮೇಲೆ ಪ್ರಯೋಗಮಾಡುತ್ತ, ದುರ್ಬಲವಾದ ಪ್ರವಾಹವು ಕಂಪನವನ್ನು ಹುಟ್ಟಿಸುವುದೆಂದೂ ಪ್ರಬಲವಾದ ಪ್ರವಾಹವು ಅದನ್ನು ನಿಲ್ಲಿಸುವುದೆಂದೂ ಕಂಡರು. ಕೊಲ್ಲುವ ಶಕ್ತಿಯೇ ಉಳಿಸುವ ಶಕ್ತಿಯೂ ಆಗಬಹುದೆಂಬ ಈ ಮಾತು ಅವರ ಬರಹದಲ್ಲಿ ಒಂದು ಉಪಪ್ರಮೇಯವಾಗಿ ಉಳಿಯಿತೇ ಹೊರತು ಚಿಕಿತ್ಸೆಯಾಗಲಿಲ್ಲ.

ಇಲ್ಲಿಂದ ಮುಂದಕ್ಕೆ ಈ ಜ್ಞಾನವು ಎರಡು ದಾರಿಗಳಲ್ಲಿ ಹರಿಯಿತು. ಒಂದು ದಾರಿ ಮಾಸ್ಕೋ ನಗರಕ್ಕೆ. ಜಿನೀವಾದಲ್ಲಿ ಬಟೆಲ್ಲಿಯವರೊಡನೆ ವರ್ಷಗಟ್ಟಲೆ ದುಡಿದ ಲೀನಾ ಷ್ಟೆರ್ನ್ ಎಂಬ ವಿದುಷಿಯು ೧೯೨೫ರಲ್ಲಿ ಸೋವಿಯತ್ ದೇಶಕ್ಕೆ ಹೋಗಿ ನೆಲಸಿದರು. ಅವರ ಸಂಸ್ಥೆಯಲ್ಲಿ ಕೆಲಸಮಾಡಿದ ನೌಮ್ ಗುರ್ವಿಚ್, ಯೂನಿಯೆವ್ ಎಂಬವರೊಡಗೂಡಿ, ಕಂಡೆನ್ಸರಿನಲ್ಲಿ ಕೂಡಿಟ್ಟ ವಿದ್ಯುತ್ತನ್ನು ಒಮ್ಮೆಲೇ ಹರಿಯಬಿಟ್ಟು ಪ್ರಾಣಿಗಳ ಹೃದಯಕಂಪನವನ್ನು ನಿಲ್ಲಿಸಬಹುದೆಂದು ೧೯೩೯ರಲ್ಲಿ ಪ್ರಕಟಿಸಿದರು. ಈ ಕೆಲಸದ ವರದಿಯು ೧೯೪೬ರಲ್ಲಿ ಇಂಗ್ಲಿಷಿನಲ್ಲಿಯೂ ಬಂದಿತು. ಆದರೆ ಪಶ್ಚಿಮದ ವೈದ್ಯರು ಪರ್ಯಾಯಪ್ರವಾಹವನ್ನು ಬಿಟ್ಟು ಏಕಮುಖಪ್ರವಾಹಕ್ಕೆ ತಿರುಗಿದುದು ೧೯೬೨ರಲ್ಲಿ ಬಾಸ್ಟನ್ನಿನ ಬರ್ನಾರ್ಡ್ ಲೌನ್ ಅದರ ಮೇಲ್ಮೆಯನ್ನು ತೋರಿಸಿದ ಮೇಲೆ. ಷ್ಟೆರ್ನ್ ಅವರು ೧೯೪೯ರಲ್ಲಿ ಬಂಧಿತರಾಗಿ, ಅನಂತರ ಗಡೀಪಾರಿನ ಶಿಕ್ಷೆಯನ್ನು ಅನುಭವಿಸಿದರು. ರಾಜ್ಯಗಳ ನಡುವಣ ಸಂಶಯವು ಒಂದು ಪ್ರಯೋಗಶಾಲೆಯ ಫಲವನ್ನು ಎಷ್ಟು ಕಾಲ ತಡೆಹಿಡಿಯಬಲ್ಲದೆಂಬುದಕ್ಕೆ ಇದು ನಿದರ್ಶನವಾಗಿದೆ.

ಇನ್ನೊಂದು ದಾರಿ ಅಮೆರಿಕದ ಬಾಲ್ಟಿಮೋರಿಗೆ. ಅಲ್ಲಿ ವಿದ್ಯುತ್ ಕಂಪೆನಿಗಳ ತಂತಿಗೆಲಸದವರು ಪ್ರವಾಹ ತಗುಲಿ ಸಾಯುತ್ತಿದ್ದುದರಿಂದ, ಆ ಕಂಪೆನಿಗಳ ನೆರವಿನೊಡನೆ ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾನಿಲಯದ ವಿಲಿಯಂ ಕೌವೆನ್‌ಹೋವೆನ್ ಮೊದಲಾದವರು ಈ ವಿಷಯವನ್ನು ಕೈಗೆತ್ತಿಕೊಂಡರು. ಕೌವೆನ್‌ಹೋವೆನ್ ವೈದ್ಯರಲ್ಲ, ವಿದ್ಯುತ್ ಎಂಜಿನಿಯರು. ೧೯೩೩ರಲ್ಲಿ ಅವರೂ ಅವರ ಸಂಗಡಿಗರೂ ನಾಯಿಗಳಲ್ಲಿ ಪ್ರತಿಯಾಘಾತದ ಫಲವನ್ನು ತೋರಿಸಿದರು. ೧೯೪೭ರಲ್ಲಿ ಕ್ಲೀವ್‌ಲೆಂಡಿನ ಶಸ್ತ್ರವೈದ್ಯ ಕ್ಲಾಡ್ ಬೆಕ್ ೧೪ ವರ್ಷದ ಹುಡುಗನೊಬ್ಬನ ತೆರೆದ ಎದೆಯಲ್ಲಿ, ಹೃದಯಕ್ಕೇ ಆಘಾತವನ್ನು ಕೊಟ್ಟು ಅವನನ್ನು ಉಳಿಸಿದರು. ೧೯೫೬ರಲ್ಲಿ ಬಾಸ್ಟನ್ನಿನ ಪಾಲ್ ಜೋಲ್ ಎದೆಯನ್ನು ತೆರೆಯದೆ ಹೊರಗಿನಿಂದಲೇ ಅದು ಸಾಧ್ಯವೆಂದು ತೋರಿಸಿದರು. ಪ್ರೆವೋಸ್ ಮತ್ತು ಬಟೆಲ್ಲಿಯವರ ಬರಹಕ್ಕೂ ಇದಕ್ಕೂ ನಡುವೆ ೫೭ ವರ್ಷಗಳು ಸಂದಿದ್ದುವು.

ಎರಡು ಉಪಾಯಗಳೂ ಒಂದೆಡೆ ಸಂಧಿಸಿದುದು ಆಕಸ್ಮಿಕವಾಗಿ. ೧೯೫೮ರಲ್ಲಿ ಕೌವೆನ್‌ಹೋವೆನ್ ಅವರ ಪ್ರಯೋಗಶಾಲೆಯಲ್ಲಿದ್ದ ಗೈ ನಿಕರ್‌ಬೋಕರ್ ಎಂಬ ತರುಣರು, ವಿದ್ಯುತ್ತಿನ ಹಿಡಿಗಳನ್ನು ನಾಯಿಯ ಎದೆಗೆ ಬಲವಾಗಿ ಒತ್ತಿದ ಮಾತ್ರಕ್ಕೆ ಅದರ ರಕ್ತದ ಒತ್ತಡವು ಏರುವುದನ್ನು ಕಂಡರು. ಶಸ್ತ್ರವೈದ್ಯ ಜೇಮ್ಸ್ ಜೂಡ್ ಅವರೊಡನೆ ಸೇರಿ ಆ ಮೂವರೂ ೧೯೬೦ರ ಜುಲೈ ತಿಂಗಳಲ್ಲಿ ಪ್ರಕಟಿಸಿದ ಲೇಖನದಲ್ಲಿ ೨೦ ರೋಗಿಗಳ ವೃತ್ತಾಂತವಿದೆ. ಅವರಲ್ಲಿ ೧೪ ಮಂದಿ ಬದುಕುಳಿದರು. ಯಾವ ಉಪಕರಣವೂ ಬೇಡ, ಎರಡು ಕೈಗಳಿದ್ದರೆ ಯಾರು ಬೇಕಾದರೂ ಎಲ್ಲಿ ಬೇಕಾದರೂ ಈ ಕಾರ್ಯವನ್ನು ಆರಂಭಿಸಬಹುದೆಂಬುದೇ ಅವರ ನಿರ್ಣಯದ ಸಾರ. ಅಷ್ಟರಲ್ಲಿ ಜೇಮ್ಸ್ ಈಲಮ್ ಮತ್ತು ಪೀಟರ್ ಸಾಫರ್ ಎಂಬವರು ಬಾಯಿಗೆ ಬಾಯಿಟ್ಟು ಉಸಿರೂದುವುದರಿಂದ ರೋಗಿಯ ರಕ್ತಕ್ಕೆ ಸಾಕಷ್ಟು ಪ್ರಾಣವಾಯು ದೊರೆಯುವುದೆಂದು ಪ್ರಯೋಗದಿಂದ ಸ್ಥಾಪಿಸಿದ್ದರು. ಆಮ್‌ಸ್ಟರ್‌ಡ್ಯಾಮಿನ ಸಂಘವು ಊಹಿಸಿದ್ದುದು ೧೯೩ ವರ್ಷಗಳ ಮೇಲೆ ಶಾಸ್ತ್ರವಾಗಿ ಮರಳಿ ಬಂದಿತು.

೪

ಉಪಾಯಗಳು ಕೈಸೇರಿದ ಮೇಲೂ ರೋಗಿಯು ಅವುಗಳಿಂದ ದೂರವೇ ಇದ್ದನು. ೧೯೬೧ರಲ್ಲಿ ಎಡಿನ್‌ಬರೋದ ಡೆಸ್ಮಂಡ್ ಜೂಲಿಯನ್, ಹೃದಯಾಘಾತದ ರೋಗಿಗಳನ್ನು ಆಸ್ಪತ್ರೆಯ ಬೇರೆ ಬೇರೆ ವಾರ್ಡುಗಳಲ್ಲಿ ಚೆದುರಿಸದೆ ಒಂದೇ ಕಡೆ ಇರಿಸಿ, ಅವರ ಹೃದಯದ ವಿದ್ಯುಲ್ಲೇಖವನ್ನು ಎಡೆಬಿಡದೆ ನೋಡುತ್ತಿದ್ದು, ಕಂಪನವು ತಲೆದೋರಿದೊಡನೆ ಆಘಾತವನ್ನು ಕೊಡಬೇಕೆಂದು ಸೂಚಿಸಿದರು. ೧೯೬೨ರಲ್ಲಿ ಅಮೆರಿಕದ ಕ್ಯಾನ್ಸಸ್ ನಗರದಲ್ಲಿ ಹ್ಯೂಸ್ ಡೇ ಎಂಬವರು ಅಂಥ ವಿಭಾಗವನ್ನು ತೆರೆದರು. ಇಲ್ಲಿ ಹೊಸದಾದ ಔಷಧವಾಗಲಿ ಹೊಸ ಯಂತ್ರವಾಗಲಿ ಹೆಚ್ಚಿನದೇನೂ ಇರಲಿಲ್ಲ, ಹೊಸದಾಗಿದ್ದುದು ಏರ್ಪಾಡು. ವೈದ್ಯನು ಬರುವವರೆಗೂ ಕಾಯದೆ ದಾದಿಯೇ ಆಘಾತವನ್ನು ಕೊಡಬಹುದೆಂಬ ಅಧಿಕಾರದ ಹಂಚಿಕೆಯು ಅದರ ಜೀವಾಳವಾಗಿತ್ತು.

ಆದರೆ ಹೃದಯಾಘಾತದಿಂದ ಸಾಯುವವರಲ್ಲಿ ಬಹುಮಂದಿ ಮೊದಲ ಗಂಟೆಗಳಲ್ಲೇ, ಆಸ್ಪತ್ರೆಯ ಬಾಗಿಲನ್ನು ಕಾಣುವ ಮೊದಲೇ ಸಾಯುತ್ತಿದ್ದರು. ಇದನ್ನು ಮನಗಂಡು ದಿಕ್ಕನ್ನೇ ತಿರುಗಿಸಿದವರು ಉತ್ತರ ಐರ್ಲೆಂಡಿನ ಬೆಲ್‌ಫಾಸ್ಟ್ ನಗರದ ಫ್ರ್ಯಾಂಕ್ ಪ್ಯಾಂಟ್ರಿಜ್. ಎರಡನೆಯ ಮಹಾಯುದ್ಧದಲ್ಲಿ ಜಪಾನೀಯರ ಸೆರೆಯಲ್ಲಿದ್ದು ಬದುಕಿ ಬಂದ ಈ ವೈದ್ಯರು, ತಮ್ಮ ಸಹಾಯಕ ಜಾನ್ ಗೆಡಿಸ್ ಅವರೊಡನೆ, ಕಾರಿನ ಬ್ಯಾಟರಿಗಳಿಂದ ನಡೆಯುವ ಸುಮಾರು ೭೦ ಕಿಲೋಗ್ರಾಂ ತೂಕದ ಆಘಾತಯಂತ್ರವನ್ನು ಆಂಬುಲೆನ್ಸಿನಲ್ಲಿ ಇರಿಸಿ, ೧೯೬೬ರ ಜನವರಿಯಿಂದ ರೋಗಿಯ ಮನೆಗೇ ಕಳುಹಿಸತೊಡಗಿದರು. ೧೯೬೭ರಲ್ಲಿ ಅವರು ಪ್ರಕಟಿಸಿದ ವರದಿಯಲ್ಲಿ ೧೫ ತಿಂಗಳ ಅವಧಿಯ ೩೧೨ ರೋಗಿಗಳ ಲೆಕ್ಕವಿದೆ. ಹೃದಯ ನಿಂತುಹೋಗಿದ್ದ ೧೦ ಮಂದಿಯನ್ನು ಎಬ್ಬಿಸಲಾಯಿತು, ಅವರಲ್ಲಿ ೫ ಮಂದಿ ಮನೆಗೆ ಮರಳಿದರು. ಸಂಖ್ಯೆಯು ಅಲ್ಪವೆಂದು ತೋರಬಹುದು. ಆದರೆ ಆ ಐವರೂ ಹಿಂದಿನ ವರ್ಷವಾಗಿದ್ದರೆ ನಿಸ್ಸಂಶಯವಾಗಿ ಮೃತರ ಪಟ್ಟಿಯಲ್ಲಿರುತ್ತಿದ್ದರು.

ಅದೇ ೧೯೬೭ರಲ್ಲಿ ಅಮೆರಿಕದ ಪಿಟ್ಸ್‌ಬರ್ಗ್ ನಗರದಲ್ಲಿ ಇನ್ನೊಂದು ಪ್ರಯೋಗವು ನಡೆಯಿತು. ಅಂದು ಆ ನಗರದಲ್ಲಿ ರೋಗಿಗಳನ್ನು ಪೊಲೀಸರ ಗಾಡಿಯಲ್ಲಿ ಸಾಗಿಸುತ್ತಿದ್ದರು. ಅಮೆರಿಕದ ಎಷ್ಟೋ ಊರುಗಳಲ್ಲಿ ಶವವಾಹನವೇ ಆಂಬುಲೆನ್ಸೂ ಆಗಿತ್ತು. ಪೀಟರ್ ಸಾಫರ್ ಅವರು ಹಿಲ್ ಡಿಸ್ಟ್ರಿಕ್ಟ್ ಎಂಬ ಕರಿಯರ ಬಡಾವಣೆಯ, ಬಹುಮಟ್ಟಿಗೆ ಉದ್ಯೋಗವಿಲ್ಲದಿದ್ದ ತರುಣರಿಗೆ ಸುಮಾರು ೩೦೦ ಗಂಟೆಗಳ ಶಿಕ್ಷಣ ಕೊಟ್ಟು ‘ಫ್ರೀಡಂ ಹೌಸ್’ ಆಂಬುಲೆನ್ಸ್ ಸೇವೆಯನ್ನು ಕಟ್ಟಿದರು. ಯಾರನ್ನು ಸಮಾಜವು ಕೆಲಸಕ್ಕೆ ಬಾರದವರೆಂದು ತಳ್ಳಿತ್ತೋ ಅವರೇ ನಡುಬೀದಿಯಲ್ಲಿ ಪ್ರಾಣವನ್ನು ಹಿಡಿದು ನಿಲ್ಲಿಸಿದರು. ೧೯೭೫ರಲ್ಲಿ ನಗರಸಭೆಯು ತನ್ನದೇ ಸೇವೆಯನ್ನು ಆರಂಭಿಸಿದಾಗ ಈ ಸಂಸ್ಥೆಯು ಮುಚ್ಚಿಹೋಯಿತು. ತುರ್ತುಚಿಕಿತ್ಸೆಯ ಚರಿತ್ರೆಗಳಲ್ಲಿ ಬಹುಕಾಲ ಅದಕ್ಕೆ ಸಲ್ಲಬೇಕಾದ ಸ್ಥಾನವೂ ಸಲ್ಲಲಿಲ್ಲ. ಸಿಯಾಟಲ್ ನಗರದಲ್ಲಿ ೧೯೭೦ರಲ್ಲಿ ಲೆನರ್ಡ್ ಕಾಬ್ ಅವರು ಅಗ್ನಿಶಾಮಕದಳದವರನ್ನು ಇದೇ ಕೆಲಸಕ್ಕೆ ತಯಾರುಮಾಡಿದರು. ಕೆಲವೇ ವರ್ಷಗಳಲ್ಲಿ ಅಲ್ಲಿ ಸಾಮಾನ್ಯ ನಾಗರಿಕರಿಗೂ ಎದೆಯೊತ್ತುವ ಶಿಕ್ಷಣವನ್ನು ಕೊಡುವ ಪದ್ಧತಿಯು ಬೆಳೆಯಿತು.

ಕಾಲವನ್ನು ಅಳೆಯತೊಡಗಿದ ಮೇಲೆ ಸತ್ಯವು ಅಂಕಿಗಳಲ್ಲಿಯೇ ಗೋಚರವಾಯಿತು. ತಂತುಕಂಪನದಿಂದ ಬಿದ್ದವನಿಗೆ ಯಾರೂ ಎದೆಯನ್ನು ಒತ್ತದೆ ಹೋದರೆ ಪ್ರತಿ ನಿಮಿಷಕ್ಕೂ ಬದುಕುವ ಸಂಭವವು ಶೇಕಡಾ ೭ರಿಂದ ೧೦ರಷ್ಟು ಕುಗ್ಗುತ್ತದೆ. ೨೦೦೦ದಲ್ಲಿ ಪ್ರಕಟವಾದ ಅಮೆರಿಕದ ಜೂಜುಗೃಹಗಳ ಅಧ್ಯಯನವು ಇದಕ್ಕೆ ಪ್ರಸಿದ್ಧವಾದ ಪ್ರಮಾಣ. ಅಲ್ಲಿ ತಾನಾಗಿಯೇ ನಿರ್ಣಯಿಸಿ ಆಘಾತ ಕೊಡುವ ಯಂತ್ರವನ್ನು ಕಾವಲುಗಾರರ ಕೈಗೆ ಕೊಡಲಾಗಿತ್ತು. ಕಂಪನದಿಂದ ಬಿದ್ದ ೧೦೫ ಮಂದಿಯಲ್ಲಿ ಶೇಕಡಾ ೫೩ ಮಂದಿ ಉಳಿದರು. ಮೂರು ನಿಮಿಷದೊಳಗೆ ಆಘಾತ ದೊರೆತವರಲ್ಲಿ ಶೇಕಡಾ ೭೪, ತಡವಾದವರಲ್ಲಿ ಶೇಕಡಾ ೪೯.

೫

ಮೂರನೆಯ ಉಪಾಯವು ಹೃದಯಾಘಾತಕ್ಕೆ ಸೇರಿದುದು. ಕಿರೀಟಧಮನಿಯಲ್ಲಿ ರಕ್ತವು ಹೆಪ್ಪುಗಟ್ಟುವುದರಿಂದ ಆಗುವ ರೋಗವನ್ನು ಜೀವಂತ ರೋಗಿಯಲ್ಲಿ ಗುರುತಿಸಬಹುದೆಂದು ಷಿಕಾಗೋ ನಗರದ ಜೇಮ್ಸ್ ಹೆರಿಕ್ ೧೯೧೨ರಲ್ಲಿ ಬರೆದರು. ೧೯೩೩ರಲ್ಲಿ ವಿಲಿಯಂ ಟಿಲೆಟ್ ಮತ್ತು ಗಾರ್ನರ್ ಎಂಬವರು ಒಂದು ಬಗೆಯ ಸೂಕ್ಷ್ಮಜೀವಿಯಿಂದ ಹೆಪ್ಪನ್ನು ಕರಗಿಸುವ ದ್ರವ್ಯವು ಹೊರಡುವುದನ್ನು ಕಂಡರು. ಅದೇ ಮುಂದೆ ಸ್ಟ್ರೆಪ್ಟೊಕೈನೇಸ್ ಎಂದು ಪ್ರಸಿದ್ಧವಾಯಿತು. ೧೯೫೮ರಲ್ಲಿ ಫ್ಲೆಚರ್, ಷೆರಿ ಮೊದಲಾದವರು ಅದನ್ನು ಹೃದಯಾಘಾತದ ರೋಗಿಗಳ ರಕ್ತನಾಳಕ್ಕೆ ಕೊಟ್ಟು ನೋಡಿದರು. ರೋಗವೂ ತಿಳಿದಿತ್ತು, ಔಷಧವೂ ದೊರೆತಿತ್ತು. ಆದರೂ ಅದು ರೂಢಿಗೆ ಬರಲು ಇನ್ನೂ ಮೂವತ್ತು ವರ್ಷಗಳು ಬೇಕಾದುವು.

ಈ ಸಲ ಅಡ್ಡಬಂದುದು ಒಂದು ತಾತ್ತ್ವಿಕ ವಿವಾದ. ಧಮನಿಯಲ್ಲಿ ಕಾಣುವ ಹೆಪ್ಪು ಹೃದಯಾಘಾತಕ್ಕೆ ಕಾರಣವೋ, ಅಥವಾ ಸ್ನಾಯು ಸತ್ತ ಮೇಲೆ ಉಂಟಾದ ಕಾರ್ಯವೋ ಎಂಬ ವಿಷಯದಲ್ಲಿ ವಿದ್ವಾಂಸರು ಎರಡು ಪಕ್ಷವಾಗಿದ್ದರು. ಕಾರ್ಯವೆಂದು ನಂಬಿದವರಿಗೆ ಅದನ್ನು ಕರಗಿಸುವುದು ವ್ಯರ್ಥಪ್ರಯಾಸವಾಗಿ ಕಂಡಿತು. ರಕ್ತಸ್ರಾವದ ಭಯವೂ ಅದಕ್ಕೆ ಜೊತೆಗೂಡಿತು. ೧೯೮೦ರಲ್ಲಿ ಮಾರ್ಕಸ್ ಡಿವುಡ್ ಮತ್ತು ಅವರ ಸಂಗಡಿಗರು ಧಮನಿಗಳ ಕ್ಷಕಿರಣಚಿತ್ರಗಳನ್ನು ತೆಗೆದು ಈ ವಿವಾದವನ್ನು ಕೊನೆಗಾಣಿಸಿದರು. ನೋವು ಆರಂಭವಾದ ನಾಲ್ಕು ಗಂಟೆಗಳೊಳಗೆ ನೋಡಿದ ೧೨೬ ರೋಗಿಗಳಲ್ಲಿ ೧೧೦ ಮಂದಿಯ, ಎಂದರೆ ಶೇಕಡಾ ೮೭ ಮಂದಿಯ, ಧಮನಿಯು ಪೂರ್ತಿಯಾಗಿ ಮುಚ್ಚಿಹೋಗಿತ್ತು; ತಡವಾಗಿ ನೋಡಿದವರಲ್ಲಿ ಈ ಪ್ರಮಾಣವು ಕಡಿಮೆಯಾಗಿತ್ತು. ಇಟಲಿಯ ೧೭೬ ಹೃದಯವಿಭಾಗಗಳು ಸೇರಿ ೧೧,೮೦೬ ರೋಗಿಗಳ ಮೇಲೆ ನಡೆಸಿದ ತುಲನಾಪ್ರಯೋಗವು ೧೯೮೬ರಲ್ಲಿ ಹೊರಬಂದಿತು: ೨೧ ದಿನಗಳ ಮರಣಪ್ರಮಾಣವು ಶೇಕಡಾ ೧೩ರಿಂದ ೧೦.೭ಕ್ಕೆ ಇಳಿದಿತ್ತು, ಔಷಧವು ಬೇಗ ದೊರೆತಷ್ಟೂ ಲಾಭವು ಹೆಚ್ಚಾಗಿತ್ತು. ೧೯೮೮ರಲ್ಲಿ ೧೭,೧೮೭ ರೋಗಿಗಳ ಇನ್ನೊಂದು ಪ್ರಯೋಗವು ಸ್ಟ್ರೆಪ್ಟೊಕೈನೇಸಿನೊಡನೆ ಆಸ್ಪಿರಿನ್ ಎಂಬ ಸುಲಭವಾದ ಗುಳಿಗೆಯನ್ನೂ ಕೊಟ್ಟರೆ ಐದು ವಾರಗಳಲ್ಲಿ ಹೃದಯ ಮತ್ತು ರಕ್ತನಾಳಗಳ ಕಾರಣದಿಂದಾಗುವ ಮರಣವು ಶೇಕಡಾ ೧೩.೨ರಿಂದ ೮ಕ್ಕೆ ಇಳಿಯುವುದೆಂದು ತೋರಿಸಿತು.

ಈ ಪ್ರಕರಣಕ್ಕೆ ೧೯೯೨ರಲ್ಲಿ ಒಂದು ಮಾರ್ಮಿಕವಾದ ಉಪಸಂಹಾರವು ದೊರೆಯಿತು. ಜೋಸೆಫ್ ಲೌ ಮತ್ತು ಸಂಗಡಿಗರು ಹಿಂದಿನ ಪ್ರಯೋಗಗಳನ್ನೆಲ್ಲ ಕಾಲಾನುಕ್ರಮದಲ್ಲಿ ಕೂಡಿಸುತ್ತ ಹೋದಾಗ, ೧೯೭೩ರ ವೇಳೆಗೇ, ೮ ಪ್ರಯೋಗಗಳೂ ೨,೪೩೨ ರೋಗಿಗಳೂ ಆದೊಡನೆಯೇ, ಔಷಧದ ಲಾಭವು ಸಿದ್ಧವಾಗಿತ್ತೆಂದು ಕಂಡುಬಂದಿತು. ಆಮೇಲೆ ನಡೆದ ೨೫ ಪ್ರಯೋಗಗಳು ೩೪,೫೪೨ ರೋಗಿಗಳನ್ನು ಸೇರಿಸಿಕೊಂಡು ಅದೇ ಮಾತನ್ನು ಮತ್ತೆ ಹೇಳಿದ್ದುವು. ಚೆದುರಿದ ಪಾಠಗಳನ್ನು ಒಟ್ಟುಗೂಡಿಸಿ ಓದದಿದ್ದರೆ ಗ್ರಂಥವು ಕೈಯಲ್ಲಿದ್ದೂ ಅರ್ಥವು ದೊರೆಯದು ಎಂಬುದನ್ನು ಗ್ರಂಥಸಂಪಾದನೆ ಮಾಡುವವರು ಬಲ್ಲರು. ವೈದ್ಯಶಾಸ್ತ್ರವು ಈ ಪಾಠವನ್ನು ಬಹಳ ಬೆಲೆತೆತ್ತು ಕಲಿಯಿತು. ೧೯೭೭ರಲ್ಲಿ ಆಂಡ್ರಿಯಾಸ್ ಗ್ರುಂಟ್ಸಿಗ್ ಜೂರಿಕ್ ನಗರದಲ್ಲಿ ಆರಂಭಿಸಿದ, ಬಲೂನಿನಿಂದ ಧಮನಿಯನ್ನು ಹಿಗ್ಗಿಸುವ ಕ್ರಮವು ಮುಂದೆ ಹೃದಯಾಘಾತದ ತುರ್ತುಚಿಕಿತ್ಸೆಯೂ ಆಯಿತು. ಸಕಾಲದಲ್ಲಿ ಅದು ದೊರೆಯುವ ಕಡೆಗಳಲ್ಲಿ ಔಷಧಕ್ಕಿಂತ ಅದೇ ಮೇಲೆಂದು ೨೦೦೩ರಲ್ಲಿ ೨೩ ಪ್ರಯೋಗಗಳ ಸಂಕಲನವು ತೋರಿಸಿತು. ‘ಸಕಾಲದಲ್ಲಿ’ ಎಂಬ ಮಾತಿನ ಮೇಲೆಯೇ ಇಲ್ಲಿ ಎಲ್ಲವೂ ನಿಂತಿದೆ.

೬

ಇಷ್ಟರಿಂದ, ಹೊಸದನ್ನೆಲ್ಲ ಒಡನೆಯೇ ರೂಢಿಗೆ ತರುವುದೇ ಲೇಸೆಂದು ಯಾರಾದರೂ ತಿಳಿದರೆ ಅದು ಅವಿಚಾರವಾದೀತು. ಆತುರದಿಂದ ರೂಢಿಯಾದುದು ಕೊಂದ ಉದಾಹರಣೆಗಳೂ ಇದೇ ಚರಿತ್ರೆಯಲ್ಲಿವೆ. ಹೃದಯಾಘಾತವಾದವರಲ್ಲಿ ಕಾಣುವ ಹೆಚ್ಚಿನ ಬಡಿತಗಳು ಮುಂದಿನ ಸ್ತಂಭನಕ್ಕೆ ಮುನ್ಸೂಚನೆಯಾದುದರಿಂದ, ಅವುಗಳನ್ನು ಅಡಗಿಸುವ ಔಷಧವು ಪ್ರಾಣವನ್ನು ಉಳಿಸಬೇಕೆಂಬ ತರ್ಕವು ನಿರ್ದುಷ್ಟವಾಗಿ ತೋರಿತ್ತು. ೧೯೯೧ರಲ್ಲಿ ಪೂರ್ಣವಾಗಿ ಪ್ರಕಟವಾದ ಪ್ರಯೋಗವು ಬೇರೆಯದನ್ನೇ ಹೇಳಿತು: ೧,೪೯೮ ರೋಗಿಗಳಲ್ಲಿ ಔಷಧವನ್ನು ತೆಗೆದುಕೊಂಡವರ ಪಕ್ಷದಲ್ಲಿ ೬೩ ಮಂದಿಯೂ, ಔಷಧವಿಲ್ಲದ ಬರಿಯ ಗುಳಿಗೆಯನ್ನು ತೆಗೆದುಕೊಂಡವರ ಪಕ್ಷದಲ್ಲಿ ೨೬ ಮಂದಿಯೂ ಸತ್ತಿದ್ದರು. ಔಷಧವು ಬಡಿತಗಳನ್ನು ಅಡಗಿಸಿತ್ತು, ರೋಗಿಯನ್ನು ಕೊಂದಿತ್ತು.

ಈಚಿನ ವರ್ಷಗಳ ಬೆಳವಣಿಗೆಯೂ ಬಹುಪಾಲು ಇಂಥ ಮರುಪರಿಶೀಲನೆಯೇ ಆಗಿದೆ. ಹೃದಯಾಘಾತದ ರೋಗಿಗೆಲ್ಲ ಪ್ರಾಣವಾಯುವನ್ನು ಕೊಡುವ ಹಳೆಯ ಪದ್ಧತಿಯು, ರಕ್ತದಲ್ಲಿ ಅದರ ಕೊರತೆಯಿಲ್ಲದವರಿಗೆ ಮರಣವನ್ನು ತಗ್ಗಿಸುವುದಿಲ್ಲವೆಂದು ೨೦೧೭ರಲ್ಲಿ ಸ್ವೀಡನ್ನಿನ ೬,೬೨೯ ರೋಗಿಗಳ ಪ್ರಯೋಗವು ತೋರಿಸಿತು. ೨೦೧೮ರ ಬ್ರಿಟಿಷ್ ಪ್ರಯೋಗವೊಂದರಲ್ಲಿ, ಹೃದಯಸ್ತಂಭನವಾದವರಿಗೆ ಅಡ್ರಿನಲಿನ್ ಕೊಟ್ಟರೆ ೩೦ ದಿನ ಬದುಕುಳಿಯುವವರು ಶೇಕಡಾ ೨.೪ರಿಂದ ೩.೨ಕ್ಕೆ ಏರಿದರೂ, ಮಿದುಳಿನ ಶಕ್ತಿಯು ಸ್ವಸ್ಥವಾಗಿ 
ಉಳಿದವರ ಸಂಖ್ಯೆಯಲ್ಲಿ ಗಣ್ಯವಾದ ಭೇದವು ಕಾಣಲಿಲ್ಲ. ಎಚ್ಚರ ತಪ್ಪಿದವರ ಮೈಯನ್ನು ತಂಪುಮಾಡುವ ಚಿಕಿತ್ಸೆಯನ್ನು ೨೦೦೨ರಲ್ಲಿ ಎರಡು ಪ್ರಯೋಗಗಳು ಎತ್ತಿಹಿಡಿದುವು. ೨೦೧೩ರ ಮತ್ತು ೨೦೨೧ರ ದೊಡ್ಡ ಪ್ರಯೋಗಗಳಲ್ಲಿ ಆ ಲಾಭವು ದೃಢಪಡಲಿಲ್ಲ. ಕೆನಡಾದ ಆಂಟೇರಿಯೋ ಪ್ರಾಂತದಲ್ಲಿ ೨೦೦೪ರಲ್ಲಿ ಮುಗಿದ ಅಧ್ಯಯನವಂತೂ, ಬೇಗನೆ ಆಘಾತ ಕೊಡುವ ಏರ್ಪಾಡಿರುವ ಊರುಗಳಿಗೆ ಔಷಧಗಳನ್ನೂ ಉಸಿರುನಳಿಕೆಗಳನ್ನೂ ಸೇರಿಸಿದುದರಿಂದ ಬದುಕುಳಿಯುವವರು ಹೆಚ್ಚಲಿಲ್ಲವೆಂದೂ, ನೋಡಿದವರು ಎದೆಯೊತ್ತುವುದೂ ಬೇಗನೆ ಆಘಾತ ಕೊಡುವುದೂ ಪ್ರಾಣಾಧಾರವೆಂದೂ ತಿಳಿಸಿತು. ಹೀಗೆ ಶೋಧಿಸುತ್ತ ಶೋಧಿಸುತ್ತ ಅಲುಗದೆ ಉಳಿದುವು ಎರಡು: ಕೈ ಮತ್ತು ಕಾಲ.

೭

ನಮ್ಮ ನಾಡಿನ ಸ್ಥಿತಿಯನ್ನು ಇದೇ ದೃಷ್ಟಿಯಿಂದ ನೋಡಬೇಕು. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಸಂಸ್ಥೆಯ ಡೆನಿಸ್ ಸೇವಿಯರ್, ಪ್ರೇಮ್ ಪಾಯ್ಸ್ ಮೊದಲಾದವರು ಭಾರತದ ೮೯ ಆಸ್ಪತ್ರೆಗಳ ೨೦,೪೬೮ ರೋಗಿಗಳ ದಾಖಲೆಯನ್ನು ಕೂಡಿಸಿ ೨೦೦೮ರಲ್ಲಿ ಪ್ರಕಟಿಸಿದ ಅಧ್ಯಯನವು ಈ ವಿಷಯದಲ್ಲಿ ಮೂಲಾಧಾರವಾಗಿದೆ. ಧಮನಿಯು ಪೂರ್ತಿಯಾಗಿ ಮುಚ್ಚಿದ ಬಗೆಯ ಹೃದಯಾಘಾತದಲ್ಲಿ, ನೋವು ಆರಂಭವಾದುದರಿಂದ ಆಸ್ಪತ್ರೆಯನ್ನು ಮುಟ್ಟುವವರೆಗಿನ ಮಧ್ಯಮಾನ ಕಾಲವು ೩೬೦ ನಿಮಿಷ. ಆಸ್ಪತ್ರೆಯನ್ನು ಮುಟ್ಟಿದುದರಿಂದ ಹೆಪ್ಪು ಕರಗಿಸುವ ಔಷಧವನ್ನು ಕೊಡುವವರೆಗೆ ೫೦ ನಿಮಿಷ. ಈ ಎರಡು ಸಂಖ್ಯೆಗಳನ್ನು ಪಕ್ಕಪಕ್ಕದಲ್ಲಿಟ್ಟರೆ ವ್ಯಾಖ್ಯಾನವು ಬೇಕಾಗುವುದಿಲ್ಲ. ನಷ್ಟವಾದ ಕಾಲದಲ್ಲಿ ಬಹುಭಾಗವು ಆಸ್ಪತ್ರೆಯ ಹೊರಗೆ, ಮನೆಯಲ್ಲಿ ಮತ್ತು ದಾರಿಯಲ್ಲಿ ನಷ್ಟವಾದುದು. ಬಡವರ ೩೦ ದಿನಗಳ ಮರಣಪ್ರಮಾಣವು ಶೇಕಡಾ ೮.೨ ಆಗಿ, ಸಿರಿವಂತರದು ೫.೫ ಆಗಿತ್ತೆಂಬುದನ್ನೂ ಅದೇ ಅಧ್ಯಯನವು ದಾಖಲಿಸಿದೆ. ಔಷಧವು ಅಂಗಡಿಯಲ್ಲಿದ್ದೂ ಅದರಿಂದ ದೂರವಿರುವವನ ಪಾಲಿಗೆ ಇನ್ನೂ ೧೯೫೮ನೆಯ ವರ್ಷವೇ ನಡೆಯುತ್ತಿದೆಯೆಂದು ಹೇಳಬೇಕಾಗುತ್ತದೆ.

ಈ ಅಂತರವನ್ನು ತಗ್ಗಿಸುವ ಯತ್ನಗಳು ಕರ್ನಾಟಕದಲ್ಲಿ ನಡೆದಿವೆ. ೨೦೦೮ರಲ್ಲಿ ೧೦೮ ಸಂಖ್ಯೆಯ ಆಂಬುಲೆನ್ಸ್ ಸೇವೆಯು ಆರಂಭವಾಯಿತು. ೨೦೨೧ರಲ್ಲಿ ತಮ್ಮ ೪೬ನೆಯ ವಯಸ್ಸಿನಲ್ಲಿ ಹಠಾತ್ತನೆ ನಿಧನಹೊಂದಿದ ನಟ ಪುನೀತ್ ರಾಜ್‌ಕುಮಾರರ ಹೆಸರಿನಲ್ಲಿ ೨೦೨೩ರಲ್ಲಿ ಸರ್ಕಾರವು ಪ್ರಕಟಿಸಿದ ಹೃದಯಜ್ಯೋತಿ ಯೋಜನೆಯು, ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆದ ಇ.ಸಿ.ಜಿ.ಯನ್ನು ದೊಡ್ಡ ಆಸ್ಪತ್ರೆಯ ತಜ್ಞರು ದೂರದಿಂದಲೇ ಓದಿ, ಹೆಪ್ಪು ಕರಗಿಸುವ ಔಷಧವನ್ನು ಅಲ್ಲಿಯೇ ಉಚಿತವಾಗಿ ಕೊಡಿಸುವ ಏರ್ಪಾಡು. ಬೆಲ್‌ಫಾಸ್ಟಿನಲ್ಲಿ ಯಂತ್ರವು ರೋಗಿಯ ಬಳಿಗೆ ಹೋದಂತೆ ಇಲ್ಲಿ ತಜ್ಞನ ಕಣ್ಣು ರೋಗಿಯ ಬಳಿಗೆ ಹೋಗುತ್ತದೆ, ತತ್ತ್ವವು ಒಂದೇ.

ಆದರೆ ಆಂಬುಲೆನ್ಸನ್ನು ಕರೆಯುವುದಕ್ಕೂ ಮೊದಲು ಒಂದು ಘಟ್ಟವಿದೆ. ಅದು ಭಾಷೆಗೆ ಸೇರಿದುದು. ಎದೆನೋವಿನಿಂದ ಬೆವರುತ್ತಿರುವವನನ್ನು ವಾಯುವೆಂದು ಮಲಗಿಸುವುದೂ, ಉಸಿರು ನಿಂತು ಬಿದ್ದವನ ಬಾಯಿಗೆ ನೀರು ಹಾಕುವುದೂ ಅಜ್ಞಾನದಿಂದಷ್ಟೇ ಅಲ್ಲ, ಕಂಡುದಕ್ಕೆ ಸರಿಯಾದ ಹೆಸರಿಲ್ಲದಿರುವುದರಿಂದಲೂ ಆಗುವ ಪ್ರಮಾದಗಳು. ಎಚ್ಚರವಿದ್ದು ನೋಯುವವನನ್ನು ಕೂಡಲೇ ಸಾಗಿಸಬೇಕು. ಎಚ್ಚರವಿಲ್ಲದೆ ಉಸಿರಾಡದವನಿಗೆ, ನೆರವನ್ನು ಕರೆಯುತ್ತಲೇ, ಇದ್ದಲ್ಲಿಯೇ ಎದೆಯ ನಡುವೆ ನಿಮಿಷಕ್ಕೆ ನೂರಕ್ಕೆ ಕಡಮೆಯಿಲ್ಲದಂತೆ ಬಲವಾಗಿ ಒತ್ತಬೇಕು. ಈ ಎರಡು ಕರ್ತವ್ಯಗಳೂ ಬೇರೆ ಬೇರೆಯಾಗಿರುವಾಗ ಎರಡಕ್ಕೂ ಹೃದಯಾಘಾತವೆಂಬ ಒಂದೇ ಹೆಸರನ್ನು ಸಲ್ಲಿಸುವುದು ಶಬ್ದದಾರಿದ್ರ್ಯವಷ್ಟೇ ಅಲ್ಲ, ಅಪಾಯಕರವೂ ಹೌದು. ಹೃದಯಸ್ತಂಭನವೆಂಬ ಮಾತು ನಮ್ಮಲ್ಲಿ ಈಗಾಗಲೇ ಇದೆ. ಅದನ್ನು ವೃತ್ತಪತ್ರಿಕೆಗಳೂ ಶಾಲೆಯ ಪಠ್ಯಪುಸ್ತಕಗಳೂ ಅದರ ಅರ್ಥದಲ್ಲಿಯೇ ಬಳಸುವಂತೆ ಮಾಡುವುದು ವೈದ್ಯರೊಬ್ಬರ ಕೈಯಲ್ಲಿಲ್ಲ. ಭಾಷೆಯನ್ನು ಕಲಿಸುವವರೂ ಪರಿಭಾಷೆಯನ್ನು ನಿರ್ಣಯಿಸುವವರೂ ಅದರಲ್ಲಿ ಭಾಗಿಗಳಾಗಬೇಕು. ಮಾಸ್ ಅವರ ಬರಹವು ಒಂದು ಪತ್ರಿಕೆಯ ಪುಟಗಳಲ್ಲಿ ಅರುವತ್ತೆಂಟು ವರ್ಷ ಮಲಗಿದ್ದಿತು. ತಿಳಿದದ್ದನ್ನು ತಿಳಿಯಬೇಕಾದವರಿಗೆ ತಲುಪಿಸುವ ಕೆಲಸವನ್ನು ನಮ್ಮ ಭಾಷೆಯಲ್ಲಿ ನಾವು ಅಷ್ಟು ಕಾಲ ಮುಂದಕ್ಕೆ ಹಾಕುವುದು ತರವಲ್ಲ.